ಗೋಪಾಲರಾಯರು ತಪ್ಪಾಗಿ ಓದಿದ ನಾಟಕ

ಗೋಪಾಲರಾವ ಕಮಲಾಪುರಕರ ನಮ್ಮ ಕಾಲೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕನ್ನಡ ಕಲಿಸಿದರು. ಅದೇ ಕಾಲೇಜಿನಲ್ಲಿ ನಾನು ಇತಿಹಾಸ ಹೇಳುತ್ತಿದ್ದೆ. ಅವರಿಗಿಂತ ಆರು ವರ್ಷ ಚಿಕ್ಕವನು. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಕುರ್ಚಿಗಳು ಒಂದೇ ಕಿಟಕಿಯ ಕೆಳಗಿದ್ದವು, ಸ್ನೇಹಕ್ಕೆ ಅಷ್ಟು ಸಾಕಾಯಿತು. ಕಲಬುರಗಿಯ ಬ್ರಹ್ಮಪುರದಲ್ಲಿ ಅವರ ಮನೆ. ಮನೆಯೊಳಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ಅಡ್ಡಹೆಸರು ಕಮಲಾಪುರದ್ದಾದರೂ ಅಜ್ಜನ ಕಾಲಕ್ಕೇ ಅವರು ಆ ಊರು ಬಿಟ್ಟಿದ್ದರು. ನಲವತ್ತು ದಾಟುವ ತನಕ ಗೋಪಾಲರಾಯರು ಕಮಲಾಪುರವನ್ನು ಹುಮನಾಬಾದ ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದ್ದರು.

ಅವರು ವಿಮರ್ಶಕರು. ಪುಸ್ತಕವೆಂದರೆ ಕೈಯಲ್ಲಿ ಕೆಂಪು ಪೆನ್ಸಿಲ್ ಇರಲೇಬೇಕು. ಕಥೆ ಬರೆಯುವ ಸ್ಥಳೀಯರು ಅವರಿಗೆ ಹೆದರುತ್ತಿದ್ದರು. ಹೊಗಳಿದರೆ ಒಂದು ವಾಕ್ಯ, ತೆಗಳಿದರೆ ಮೂರು ಪುಟ. ಮಾತು ಮೆಲ್ಲಗೆ, ನಗು ಕಡಿಮೆ. ಮಕ್ಕಳಿರಲಿಲ್ಲ. ಹೆಂಡತಿ ಸಕ್ಕೂಬಾಯಿ ನಮ್ಮೆದುರೇ ಒಮ್ಮೆ ಹೇಳಿದ್ದರು, "ಇವರು ನಾ ಮಾಡಿದ ಸಾರಿನ್ಯಾಗೂ ತಪ್ಪಿನ ಕೆಳಗ ಗೆರಿ ಎಳೀತಾರ, ಪೆನ್ಸಿಲ್ ಸಿಗೂದಿಲ್ಲ ಅಷ್ಟ."

೧೯೮೬ರ ಫೆಬ್ರುವರಿಯಲ್ಲಿ ನಮ್ಮ ಕಾಲೇಜಿನ ಸಭಾಂಗಣದಲ್ಲಿ ಒಂದು ನಾಟಕವಾಯಿತು. ಊರಿನ ಹವ್ಯಾಸಿ ನಟರು, ನಮ್ಮ ಕೆಲವು ವಿದ್ಯಾರ್ಥಿಗಳು ಸೇರಿ ಆಡಿದ್ದು. ಹೆಸರು 'ಖೂನಿ ಮಾಡಿದವರು ಕೈ ಎತ್ತಿರಿ'. ಬರೆದವನು ಭೀಮಶಾ ಎಂಬ ಮೂವತ್ತರ ಆಸುಪಾಸಿನವನು. ಕಮಲಾಪುರದವನು, ನಂದೂರಿನ ಒಂದು ದಾಲ್ ಮಿಲ್ಲಿನಲ್ಲಿ ಗುಮಾಸ್ತ. ಅದಕ್ಕೂ ಮೊದಲು ಅವನು ಏನನ್ನೂ ಬರೆದಿರಲಿಲ್ಲ.

ನಾಟಕ ಹೀಗಿತ್ತು. ಒಂದು ದೊಡ್ಡ ಮನೆಯ ಪಡಸಾಲೆ. ನಡುವೆ ಕೌದಿ ಹೊದ್ದು ಒಬ್ಬಳು ಮಲಗಿದ್ದಾಳೆ. ಪೊಲೀಸ್ ಫೌಜದಾರ ಬರುತ್ತಾನೆ, ಖೂನಿ ನಾಳೆ ನಡೆಯಬೇಕಾದ್ದು, ತಾನು ಇವತ್ತೇ ಬಂದುಬಿಟ್ಟೆ ಎಂದು ಬೇಸರಪಟ್ಟು, ಬಂದದ್ದಕ್ಕೆ ಇವತ್ತೇ ಮುಗಿಸಿರೆಂದು ಮನೆಯವರಿಗೆ ಹೇಳುತ್ತಾನೆ. ಆಮೇಲೆ, "ಖೂನಿ ಮಾಡಿದವರು ಕೈ ಎತ್ತಿರಿ" ಅನ್ನುತ್ತಾನೆ. ಎಲ್ಲರೂ ಕೈ ಎತ್ತುತ್ತಾರೆ. ಮಾವ, ಅತ್ತೆ, ಗಂಡ, ಅಡುಗೆಯವಳು, ಸುಮ್ಮನೆ ನೋಡಲು ಬಂದ ನೆರೆಮನೆಯವನು ಕೂಡ. ಖೂನಿಗಾರನ ಜಾಗ ಒಂದೇ ಇರುವುದರಿಂದ ಫೌಜದಾರ ಸಂದರ್ಶನ ಮಾಡುತ್ತಾನೆ. ಒಬ್ಬ ಶಿಫಾರಸು ಪತ್ರ ತರುತ್ತಾನೆ, ಇನ್ನೊಬ್ಬ ಮನೆತನದ ಹಿರಿಮೆ ಹೇಳುತ್ತಾನೆ. ಈ ನಡುವೆ ಹೆಣ ಮೂರು ಸಲ ಎದ್ದು ನೀರು ಕೇಳುತ್ತದೆ. ಪ್ರತಿ ಸಲವೂ ಒಬ್ಬರು ಅದನ್ನು ಒತ್ತಿ ಮಲಗಿಸಿ, "ಸತ್ತವರು ನೀರು ಕೇಳಬಾರದು, ಪಂಚನಾಮೆ ಕೆಡತದ" ಅನ್ನುತ್ತಾರೆ. ಕೊನೆಗೆ ಪಂಚನಾಮೆಗೆ ಇಬ್ಬರು ಪಂಚರ, ಎಂದರೆ ಸಾಕ್ಷಿಗಳ, ಸಹಿ ಬೇಕಾಗುತ್ತದೆ. ಮೂಲೆಯಲ್ಲಿ ನಿಂತ ಒಬ್ಬ ಮುಂದೆ ಬಂದು ಸಹಿ ಮಾಡಿ, ಸಭೆಯ ಕಡೆ ತಿರುಗಿ, "ನನಗ ಓದಾಕ ಬರತದ. ಆದ್ರೂ ಓದಲಿಲ್ಲ" ಅನ್ನುತ್ತಾನೆ. ಸತ್ತವಳ ಹೆಸರೇನೆಂದು ಫೌಜದಾರ ಕೇಳುತ್ತಾನೆ. ಯಾರಿಗೂ ಗೊತ್ತಿಲ್ಲ. ಪರದೆ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಹೆಣದ ಪಾತ್ರ ಮಾಡಿದ್ದು ಬಿ.ಎ. ಎರಡನೇ ವರ್ಷದ ಮೆಹರುನ್ನಿಸಾ. ಅವಳು ಎದ್ದಾಗಲೆಲ್ಲ ಸಿಳ್ಳೆ ಬೀಳುತ್ತಿತ್ತು. ಪಕ್ಕದಲ್ಲಿದ್ದ ಗೋಪಾಲರಾಯರು ಕತ್ತಲಲ್ಲೇ ಏನೋ ಗೀಚಿಕೊಳ್ಳುತ್ತಿದ್ದರು. ಹೊರಗೆ ಬಂದಾಗ ಅವರ ಮುಖದಲ್ಲಿ ನಾನು ಅದುವರೆಗೆ ಕಾಣದ ಸಂತೋಷವಿತ್ತು.

ಎರಡು ತಿಂಗಳಲ್ಲಿ ಅವರು ಬರೆದ ಹದಿನಾಲ್ಕು ಪುಟದ ಲೇಖನ ಬೆಂಗಳೂರಿನ ಒಂದು ಮಾಸಿಕದಲ್ಲಿ ಬಂತು. ಅದು ನಿಜವಾಗಿಯೂ ಒಳ್ಳೆಯ ಲೇಖನ ಎಂದು ಈಗಲೂ ಅನ್ನಿಸುತ್ತದೆ, ಅದಕ್ಕೇ ಸಂಕಟ. ಪತ್ತೇದಾರಿ ಕಥೆಯಲ್ಲಿ ಒಬ್ಬ ಬಚ್ಚಿಟ್ಟುಕೊಂಡಿರುತ್ತಾನೆ, ಉಳಿದವರು ನಿರಪರಾಧಿಗಳು. ಸತ್ಯ ಒಂದೇ, ಅದು ಕೊನೆಯ ಪುಟದಲ್ಲಿದೆ. ಈ ನಾಟಕ ಆ ಅಂಗಿಯನ್ನು ಒಳಹೊರಗೆ ಮಾಡಿ ತೊಡಿಸಿದೆ: ಎಲ್ಲರೂ ಒಪ್ಪಿಕೊಂಡಿದ್ದಾರೆ, ಆದ್ದರಿಂದ ಯಾರೂ ಅಪರಾಧಿಯಲ್ಲ. ಹೀಗೆ ಬರೆದು ಅವರು ಹೆಣದ ಕಡೆ ತಿರುಗಿದ್ದರು. ನೀರು ಕೇಳುವ ಹೆಣ ಮನುಷ್ಯನ ಅಸ್ತಿತ್ವದ ದಾಹ; ಅದಕ್ಕೆ ಸಿಗುವ ಉತ್ತರ ಜಗತ್ತಿನ ಮೌನ. ಹೆಸರಿಲ್ಲದ ಶವ ಎಂದರೆ ನಾವೆಲ್ಲರೂ. ಕೊನೆಯ ಪುಟದಲ್ಲಿ ಮಾತ್ರ ಒಂದು ಆಕ್ಷೇಪವಿತ್ತು. "ಪಂಚನ ಬಾಯಿಂದ ಬರುವ ಆ ಒಂದು ಮಾತು ನಾಟಕದ ಧಾಟಿಗೆ ಹೊಂದುವುದಿಲ್ಲ. ಇಡೀ ನಾಟಕದಲ್ಲಿ ನಗು ಹುಟ್ಟಿಸದ ಮಾತು ಅದೊಂದೇ. ಲೇಖಕರ ಕೈ ಅಲ್ಲಿ ಜಾರಿದೆ. ಮುಂದಿನ ಪರಿಷ್ಕರಣದಲ್ಲಿ ಅದನ್ನು ತೆಗೆಯುವುದು ಲೇಸು."

ಲೇಖನ ಹೆಸರು ಮಾಡಿತು. ಒಬ್ಬ ಪ್ರಕಾಶಕರು ನಾಟಕವನ್ನು ಪುಸ್ತಕ ಮಾಡಲು ಮುಂದೆ ಬಂದರು, ಗೋಪಾಲರಾಯರ ಲೇಖನವೇ ಮುನ್ನುಡಿ. ಪದವಿ ತರಗತಿಯ ಪಠ್ಯ ಸಮಿತಿಗೆ ಗೋಪಾಲರಾಯರೇ ಅದನ್ನು ಶಿಫಾರಸು ಮಾಡಿ ಕಾಗದ ಬರೆದರು. ಇದೆಲ್ಲ ಮುಗಿದ ಮೇಲೆ, ಸೆಪ್ಟೆಂಬರಿನ ಒಂದು ಭಾನುವಾರ ಬೆಳಿಗ್ಗೆ, ಭೀಮಶಾ ಅವರ ಮನೆಗೆ ಬಂದ. ನಾನೂ ಅಲ್ಲೇ ಇದ್ದೆ.

ತೊಳೆದ ಬಿಳಿ ಅಂಗಿ, ಕೈಯಲ್ಲಿ ಸುರುಳಿ ಸುತ್ತಿದ ಮಾಸಿಕ. ಕೂದಲಲ್ಲಿ ಬೇಳೆಯ ಧೂಳು ಇನ್ನೂ ಇತ್ತು. ಕುರ್ಚಿಯ ತುದಿಯಲ್ಲಿ ಕೂತು ಸಕ್ಕೂಬಾಯಿ ಕೊಟ್ಟ ಚಹಾ ಪೂರಾ ಕುಡಿದ ಮೇಲೆ ಮಾತು ತೆಗೆದ.

"ಸರ್, ನೀವು ಭಾಳ ಛಲೋ ಬರದೀರಿ. ನನಗ ಅರ್ಧ ತಿಳೀಲಿಲ್ಲ. ಆದ್ರ ಆ ಮಾತು ನಾ ತಗಿಯೂದಿಲ್ರೀ."

"ಯಾಕ ತಗಿಯೂದಿಲ್ಲ?" ಗೋಪಾಲರಾಯರು ಪಾಠದ ಉತ್ಸಾಹದಲ್ಲೇ ಕೇಳಿದರು. "ನೋಡ್ರಿ ಭೀಮಶಾ, ನಾಟಕಕ್ಕ ಒಂದು ಧಾಟಿ ಇರತದ. ಉಳಿದ ಮಾತೆಲ್ಲಾ ಎಷ್ಟು ಚಂದ ಕಟ್ಟೀರಿ."

"ಉಳಿದ ಮಾತು ನಾ ಕಟ್ಟಿಲ್ರೀ ಸರ್. ಅವು ಅವರು ಅಂದದ್ದು. ಅದೊಂದ ಮಾತು ನಂದು."

ಗೋಪಾಲರಾಯರಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ಭೀಮಶಾ ಮಾಸಿಕವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಎರಡೂ ಕೈಯಿಟ್ಟು ಹೇಳಿದ.

ಅವನಿಗೆ ಮಲ್ಕಮ್ಮ ಎಂಬ ತಂಗಿ ಇದ್ದಳು. ಕಮಲಾಪುರದ ಆಚೆಯ ಒಂದು ಹಳ್ಳಿಗೆ ಕೊಟ್ಟಿದ್ದರು, ಉಳ್ಳವರ ಮನೆ. ೧೯೭೯ರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಸುದ್ದಿ ಬಂತು. ಅವ್ವ ಬೇರೆ ಊರಿನಲ್ಲಿದ್ದಳು. ಭೀಮಶಾ ಒಬ್ಬನೇ ಸೈಕಲ್ ತುಳಿದುಕೊಂಡು ಹೋದ. ಪಡಸಾಲೆಯ ಕಲ್ಲಿನ ಫರಸಿಯ ಮೇಲೆ ಮಲ್ಕಮ್ಮನನ್ನು ಕೌದಿ ಹೊದಿಸಿ ಮಲಗಿಸಿದ್ದರು. ಜೀವ ಇತ್ತು. ನೀರು ಕೇಳುತ್ತಿದ್ದಳು.

"ಸುಟ್ಟವರಿಗಿ ನೀರು ಕೊಡಬಾರದು ಅಂತ ಆಕಿ ಅತ್ತಿ ಅಂದಳ್ರೀ. ನಾ ಖರೇ ಅಂತ ತಿಳದೆ. ಮೂರು ಸಲ ಕೇಳಿದಳು. ನಾನೂ ಕೊಡಲಿಲ್ಲ."

ಸಂಜೆ ನಾಲ್ಕಕ್ಕೆ ಫೌಜದಾರ ಬರುವ ಹೊತ್ತಿಗೆ ಅವಳು ಹೋಗಿಬಿಟ್ಟಿದ್ದಳು. ಫೌಜದಾರ ಆ ಮನೆಯವರಿಗೆ ಗುರುತಿನವನೇ. ಕಟ್ಟೆಯ ಮೇಲೆ ಕೂತು, ಮಜ್ಜಿಗೆ ಕುಡಿದು, "ಆತು, ಖೂನಿ ಮಾಡಿದವರು ಕೈ ಎತ್ತರಿ" ಎಂದು ನಗೆಚಾಟಿಕೆ ಮಾಡಿದ. ಮಾವ ಕೈ ಎತ್ತಿದ. "ನಾವೆಲ್ಲಾರೂ ಮಾಡೀವಿ, ಯಾರ ಹೆಸರು ಬರಕೋತೀರಿ ಬರಕೋರಿ" ಅಂದ. ಅಂಗಳದಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಕೈ ಎತ್ತಿದರು. ನಕ್ಕರು. ಆಮೇಲೆ ಪಂಚನಾಮೆ ಬರೆದರು. ಓದು ಬರುವ ಪಂಚ ಒಬ್ಬ ಬೇಕೆಂದು ಭೀಮಶಾನನ್ನೇ ಕರೆದರು. ಸಹಿ ಆದ ಮೇಲೆ ಹೆಣ ಕೊಡುತ್ತೇವೆ ಅಂದರು. ಹೊತ್ತು ಇಳಿಯುತ್ತಿತ್ತು.

"ಸಹಿ ಮಾಡಿದೆರೀ. ಸ್ಟೋವ್ ಒಡದು ಸತ್ತಾಳ ಅಂತ ಬರದಾರ ಅಂತ ಆಮ್ಯಾಲ ಮಂದಿ ಹೇಳಿದ್ರು. ಸರ್, ಅವರ ಮನಿಯಾಗ ಸ್ಟೋವೇ ಇದ್ದಿಲ್ರೀ. ಕಟಗಿ ಒಲಿ."

ಸಕ್ಕೂಬಾಯಿ ಬಾಗಿಲಲ್ಲಿ ನಿಂತಿದ್ದವರು ಒಳಗೆ ಹೋದರು. ಗೋಪಾಲರಾಯರು ಕೇಳಿದರು, "ಪತ್ತೇದಾರಿ ಕಾದಂಬರಿಗಳ ಅಣಕ ಮಾಡಬೇಕಂತ ನಿಮಗ ಹ್ಯಾಂಗ ಹೊಳೀತು?" ಅವರಿಗೆ ಕೇಳಲು ಹೊಳೆದದ್ದು ಅದೊಂದೇ.

"ಅಣಕ ಅಂತ ಅಲ್ರೀ. ಮಿಲ್ ಬಂದ್ ಇದ್ದಾಗ ಬಾಡಿಗಿ ಪುಸ್ತಕ ತಂದು ಓದತಿದ್ದೆ. ಕಡೀ ಪುಟದಾಗ ಅವ ಸಿಕ್ಕೇ ಸಿಗತಾನಲ್ರೀ. ಅದಕ್ಕ ಓದತಿದ್ದೆ. ನೂರು ಪುಸ್ತಕ ಓದಿದ ಮ್ಯಾಲ ಇದನ್ನ ಬರದೆ."

ಅವನನ್ನು ಗೇಟಿನ ತನಕ ಕಳಿಸಿ ಬಂದ ಗೋಪಾಲರಾಯರು ತಮ್ಮ ಲೇಖನ ತೆಗೆದು ಮೊದಲಿನಿಂದ ಓದಿದರು. 'ಲೇಖಕರ ಕೈ ಅಲ್ಲಿ ಜಾರಿದೆ' ಎಂಬ ಸಾಲಿಗೆ ಬಂದಾಗ ಓದುವುದನ್ನು ನಿಲ್ಲಿಸಿ, ಆ ದಿನ ಊಟವನ್ನೂ ಮಾಡಲಿಲ್ಲ ಎಂದು ಸಕ್ಕೂಬಾಯಿ ಆಮೇಲೆ ಹೇಳಿದರು.

ಇಲ್ಲಿಗೆ ಬಿಟ್ಟಿದ್ದರೆ ಒಂದು ಅನಾಹುತ ತಪ್ಪುತ್ತಿತ್ತು. ಆದರೆ ಅವರು ಬಿಡುವ ಜಾತಿಯವರಲ್ಲ. ಇನ್ನೊಂದು ಲೇಖನ ಬರೆಯಬೇಕು, ಅದಕ್ಕೆ ಮೊದಲು ಎಲ್ಲವನ್ನೂ ತಿಳಿದುಕೊಳ್ಳಬೇಕು ಎಂದರು. ನವೆಂಬರಿನಲ್ಲಿ, ಭೀಮಶಾನಿಗೆ ಹೇಳದೆ, ನನ್ನನ್ನು ಜೊತೆಗೆ ಕರೆದುಕೊಂಡು ಕಮಲಾಪುರಕ್ಕೆ ಹೋದರು. ಕೆಂಪು ಬಾಳೆಯ ತೋಟಗಳ ಬದಿಯಲ್ಲಿ ಕಾಲುದಾರಿ, ಅದರ ಕೊನೆಗೆ ಎರಡು ಅಂಕಣದ ಮಣ್ಣಿನ ಮನೆ. ಭೀಮಶಾನ ತಾಯಿ ಬಂಡಮ್ಮ ತೋಟದ ಕೂಲಿಯಿಂದ ಆಗ ತಾನೇ ಬಂದು ಕಾಲು ತೊಳೆಯುತ್ತಿದ್ದಳು. ಎತ್ತರದ ಹೆಂಗಸು, ಅರವತ್ತರ ಹತ್ತಿರ.

ಗೋಪಾಲರಾಯರು ಪರಿಚಯ ಹೇಳಿಕೊಂಡರು. "ನಿಮ್ಮ ಮಗ ಬರದ ನಾಟಕದ ಬಗ್ಗೆ ನಾ ಲೇಖನ ಬರದೀನಿ. ಮಲ್ಕಮ್ಮನ ಬಗ್ಗೆ ನಾಕು ಮಾತು ಕೇಳೋದಿತ್ತು."

"ನಾಟಕ?" ಅಂದಳು ಬಂಡಮ್ಮ. "ಭೀಮ್ಯಾ ನಾಟಕ ಬರದಾನ?"

ಅವನು ಮನೆಯಲ್ಲಿ ಏನನ್ನೂ ಹೇಳಿರಲಿಲ್ಲ. ಗೋಪಾಲರಾಯರು ಅಲ್ಲಿಯೇ ಎದ್ದು ಬರಬಹುದಿತ್ತು. ನಾನು ಅವರ ತೋಳು ಮುಟ್ಟಿದೆ. ಆದರೆ ಆಕೆ ಕೇಳಿದಳು, ಅವರು ಹೇಳಿದರು. ಕೇಳಿದವರಿಗೆ ವಿವರಿಸುವುದು ಇಪ್ಪತ್ತು ವರ್ಷದ ಅಭ್ಯಾಸ. ಪಡಸಾಲೆ, ಕೌದಿ, ಫೌಜದಾರ, ಕೈ ಎತ್ತುವುದು, ನೀರು. ಪಂಚನ ಮಾತನ್ನು ಮಾತ್ರ ಬಿಟ್ಟರು. ಅಷ್ಟು ಎಚ್ಚರ ಅವರಿಗೆ ಉಳಿದಿತ್ತು.

ಬಂಡಮ್ಮ ಕಂಬಕ್ಕೆ ಒರಗಿ ಪೂರ್ತಿ ಕೇಳಿದಳು. "ಅದನ್ನ ನೋಡಿ ಮಂದಿ ಅಳತಾರೇನ್ರೀ?"

ಗೋಪಾಲರಾಯರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಇಲ್ಲವ್ವಾ. ನಗತಾರ."

"ನಗತಾರ," ಎಂದು ಆಕೆ ತನಗೇ ಅನ್ನುವಂತೆ ಅಂದಳು. ಆಮೇಲೆ, "ಮತ್ತ ಯಾವಾಗ ಮಾಡತಾರ?"

ಡಿಸೆಂಬರ್ ಮೂರನೇ ಶನಿವಾರ ಎಂದು ಗೋಪಾಲರಾಯರು ಹೇಳಿದರು.

ಎರಡನೆಯ ಪ್ರಯೋಗ ಸಂಜೆ ಆರಕ್ಕೆ ಇತ್ತು, ಅದೇ ಸಭಾಂಗಣದಲ್ಲಿ. ಲೇಖನ ಓದಿದವರೂ ಬಂದಿದ್ದರಿಂದ ಜನ ಗೋಡೆಗೆ ಒರಗಿ ನಿಂತಿದ್ದರು. ಬಂಡಮ್ಮ ಒಬ್ಬಳೇ ಬಸ್ಸು ಹಿಡಿದು ಬಂದಿದ್ದಳು. ಶರಣಬಸವೇಶ್ವರನ ಗುಡಿಗೆ ಹೋಗಿ, ಅಲ್ಲಿಂದ ದಾರಿ ಕೇಳುತ್ತ ನಡೆದು ಬಂದಳಂತೆ. ಕೈಯಲ್ಲಿ ಪ್ರಯಾಣಕ್ಕೆ ತಂದ ನೀರಿನ ಚರಿಗೆ. ಗೋಪಾಲರಾಯರು ಆಕೆಯನ್ನು ಎರಡನೆಯ ಸಾಲಿನಲ್ಲಿ ನಮ್ಮಿಬ್ಬರ ನಡುವೆ ಕೂಡಿಸಿದರು. ಭೀಮಶಾ ಪರದೆಯ ಪಕ್ಕದಲ್ಲಿ ನಟರಿಗೆ ಮಾತು ಎತ್ತಿಕೊಡಲು ನಿಂತಿದ್ದ, ಅವ್ವ ಬಂದದ್ದು ಅವನಿಗೆ ಗೊತ್ತಿರಲಿಲ್ಲ.

ಫೌಜದಾರ ಕೈ ಎತ್ತಿರಿ ಅಂದಾಗ ಸಭೆ ನಕ್ಕಿತು. ಬಂಡಮ್ಮ ಹಿಂದೆ ತಿರುಗಿ ನಗುವವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಮೆಹರುನ್ನಿಸಾ ಮೊದಲ ಸಲ ಎದ್ದು ನೀರು ಕೇಳಿದಾಗ ಆಕೆಯ ಕೈ ಚರಿಗೆಯ ಮೇಲೆ ಬಿಗಿಯಾಯಿತು. ಎರಡನೆಯ ಸಲ ಕೇಳಿದಾಗ ಆಕೆ ಎದ್ದಳು. ನಾನು ಸೆರಗು ಹಿಡಿಯಲು ಹೋದೆ, ಸಿಗಲಿಲ್ಲ. ಪಕ್ಕದ ಮೆಟ್ಟಿಲು ಹತ್ತಿ ರಂಗದ ಮೇಲೆ ಹೋಗಿ, ಮೆಹರುನ್ನಿಸಾಳ ತಲೆಯ ಕೆಳಗೆ ಕೈಯಿಟ್ಟು ಎತ್ತಿ, ಚರಿಗೆಯನ್ನು ಬಾಯಿಗೆ ಹಿಡಿದಳು.

"ಕುಡಿ ಮಗಾ. ಯಾರೇನು ಅಂತಾರ, ನೀ ಕುಡಿ."

ಸಭೆ ಇನ್ನಷ್ಟು ಜೋರಾಗಿ ನಕ್ಕಿತು. ಕೆಲವರು ಚಪ್ಪಾಳೆ ತಟ್ಟಿದರು. ಮೆಹರುನ್ನಿಸಾ ಒಂದು ಕ್ಷಣ ಆ ಮುಖವನ್ನು ನೋಡಿ ಕುಡಿದಳು. ಗಂಟಲು ಏರಿಳಿಯುವುದು ನಮಗೆ ಕಾಣುತ್ತಿತ್ತು. ಫೌಜದಾರನ ಪಾತ್ರದವನು ಅಭ್ಯಾಸದಂತೆ "ಸತ್ತವರು..." ಎಂದು ಶುರು ಮಾಡಿ ನಿಲ್ಲಿಸಿದ. ಚರಿಗೆ ಖಾಲಿಯಾದ ಮೇಲೆ ಬಂಡಮ್ಮ ಸೆರಗಿನಿಂದ ಹುಡುಗಿಯ ಬಾಯಿ ಒರೆಸಿದಳು. ಮೆಹರುನ್ನಿಸಾ ಮತ್ತೆ ಮಲಗಲಿಲ್ಲ. ಆ ಮುದುಕಿಯ ಕೈ ಹಿಡಿದುಕೊಂಡು ಕೂತೇ ಇದ್ದಳು. ನಗು ಅಲ್ಲೊಂದು ಇಲ್ಲೊಂದು ಉಳಿದು, ಆಮೇಲೆ ನಿಂತಿತು. ನನ್ನ ಹಿಂದೆ ಯಾರೋ, "ಹೊಸಾ ಸೀನ್ ಹಾಕ್ಯಾರ, ಛಲೋ ಅದ" ಅಂದರು. ಪರದೆ ಎಳೆದರು. ನಾಟಕ ಮುಂದುವರಿಯಲಿಲ್ಲ.

ಒಳಗೆ ಹೋಗಿ ಹುಡುಕಿದಾಗ ಭೀಮಶಾ ಇರಲಿಲ್ಲ. ಹಿಂದಿನ ಬಾಗಿಲಿಂದ ಹೋಗಿದ್ದ. ಎರಡು ದಿನ ಬಿಟ್ಟು ಗೋಪಾಲರಾಯರು ನಂದೂರಿನ ಮಿಲ್ಲಿಗೆ ಹೋದರು. ಅವನು ಲೆಕ್ಕ ಮುಗಿಸಿಕೊಂಡು ಹೊರಟು ನಿಂತಿದ್ದ.

"ನಮ್ಮವ್ವಗ ಯಾಕ ಹೇಳಿದ್ರಿ?" ಎಂದಷ್ಟೇ ಕೇಳಿದ.

"ತಪ್ಪಾತು."

"ಪಂಚ ನಾನೇ ಅಂತ ಹೇಳೀರೇನು?"

"ಇಲ್ಲ. ಅದು ಹೇಳಿಲ್ಲ."

"ನಾಳೆ ಕೇಳತಾಳ. ಯಾರು ಸಹಿ ಮಾಡಿದ್ರು ಅಂತ ಕೇಳೇ ಕೇಳತಾಳ. ನಾ ಆಕಿ ಮುಂದ ಕುಂತು ಅದನ್ನ ಹೇಳಲಾರೆ ಸರ್." ಅವನು ಸೊಲ್ಲಾಪುರದ ಬಸ್ಸು ಹತ್ತಿದ. ಆಮೇಲೆ ವರ್ಷಕ್ಕೊಂದು ಕಾರ್ಡು ತಾಯಿಗೆ ಬರುತ್ತಿತ್ತು. 'ಆರಾಮ ಅದೀನಿ' ಎಂದಿಷ್ಟೇ. ವಿಳಾಸ ಇರುತ್ತಿರಲಿಲ್ಲ.

ಆ ಕಾರ್ಡುಗಳನ್ನು ಬಂಡಮ್ಮನಿಗೆ ಓದಿ ಹೇಳುತ್ತಿದ್ದವರು ಗೋಪಾಲರಾಯರು. ಮಗ ಊರು ಬಿಟ್ಟದ್ದು ತಮ್ಮಿಂದ ಎಂದು ಅವರು ಆಕೆಗೆ ನೇರವಾಗಿ ಹೇಳಿದ್ದರು. ಆಕೆ ಬೈಯಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ತಿಂಗಳಿಗೊಮ್ಮೆ, ಎರಡನೆಯ ಭಾನುವಾರ, ಅವರು ಕಮಲಾಪುರಕ್ಕೆ ಹೋಗತೊಡಗಿದರು. ಮೊದಮೊದಲು ಸಕ್ಕೂಬಾಯಿ ಚಟ್ನಿಪುಡಿ, ಚಕ್ಕುಲಿ ಕಟ್ಟಿಕೊಡುತ್ತಿದ್ದರು; ಮುಂದೆ ಅವರೂ ಹೋಗುತ್ತಿದ್ದರು.

ಬಂಡಮ್ಮ ಅವರಲ್ಲಿ ಕೇಳಿದ್ದು ಒಂದೇ. "ಆ ಕಾಗದದಾಗ ಏನು ಬರದಾರ ನನಗ ಒಮ್ಮಿ ಓದಿ ಹೇಳ್ರಿ."

ಮಲ್ಕಮ್ಮನ ಪಂಚನಾಮೆ ಹುಡುಕಲು ನಾಲ್ಕು ವರ್ಷ ಹಿಡಿಯಿತು. ಪ್ರಕರಣ ಎಂದೋ ಮುಚ್ಚಿತ್ತು. ಹಳೆಯ ಕಡತ ಇಲ್ಲ ಅಂದರು, ಇದ್ದರೂ ಕೊಡಲು ಬರುವುದಿಲ್ಲ ಅಂದರು, ನೀವು ಯಾರು ಎಂದು ಕೇಳಿದರು. ಕೊನೆಗೆ ದಾಖಲೆ ಕೋಣೆಯಲ್ಲಿದ್ದ ಅವರ ಹಳೆಯ ವಿದ್ಯಾರ್ಥಿ ದೇವಿಂದ್ರಪ್ಪ, ಇಲಿ ಕಡಿದ ಕಟ್ಟುಗಳ ನಡುವಿನಿಂದ ಅದನ್ನು ತೆಗೆದು ನಕಲು ಮಾಡಿಸಿಕೊಟ್ಟ. ಆಗ ೧೯೯೧. ಪಂಚನಾಮೆ ಒಂದೂವರೆ ಪುಟ ಇತ್ತು.

ಆ ಭಾನುವಾರ ನಾನೂ ಹೋಗಿದ್ದೆ. ಬಂಡಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಗೋಪಾಲರಾಯರು ಎದುರಿಗೆ ಕಟ್ಟೆಯ ಮೇಲೆ ಕೂತು, ಪಾಠ ಓದುವ ದನಿಯಲ್ಲಲ್ಲ, ಕಾಗದ ಓದುವ ದನಿಯಲ್ಲಿ ಓದಿದರು.

"ಮೃತಳ ವಯಸ್ಸು ಸುಮಾರು ಮೂವತ್ತು."

"ಇಪ್ಪತ್ತೊಂದು," ಅಂದಳು ಬಂಡಮ್ಮ. "ಮೂವತ್ತರ ತನಕ ಇಟಗೊಂಡಿದ್ರ ಆಗತಿತ್ತು."

"ಅಡುಗೆ ಮನೆಯ ಮೂಲೆಯಲ್ಲಿ ಹಿತ್ತಾಳೆಯ ಸ್ಟೋವು ಒಂದು ಒಡೆದು ಬಿದ್ದಿರುತ್ತದೆ. ಮೃತಳು ಚಹಾ ಕಾಸುವಾಗ ಅಕಸ್ಮಾತ್ತಾಗಿ..."

"ಆಕಿ ಚಾ ಕುಡೀತಿದ್ದಿಲ್ಲ. ಓದ್ರಿ."

"ಯಾರ ಮೇಲೂ ಸಂಶಯವಿರುವುದಿಲ್ಲ. ಪಂಚರಿಗೆ ಓದಿ ಹೇಳಲಾಗಿ, ಸರಿ ಇರುತ್ತದೆ ಎಂದು ಒಪ್ಪಿ ಸಹಿ ಮಾಡಿರುತ್ತಾರೆ."

ಅಲ್ಲಿಗೆ ಅವರು ನಿಂತರು. ಬಂಡಮ್ಮ ಮೊರ ಕೆಳಗಿಟ್ಟಳು. "ಮುಗೀತೇನ್ರೀ?"

ಮುಗಿಯಿತು ಅಂದಿದ್ದರೆ ಆಕೆ ನಂಬುತ್ತಿದ್ದಳು. ಗೋಪಾಲರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಎರಡು ಸಹಿ ಅದಾವವ್ವಾ. ಒಂದು ಆ ಊರವರದು, ನಿಮಗ ಅವರ ಗುರುತಿಲ್ಲ. ಎರಡನೇದು ಭೀಮಶಾನದು."

ಕೋಳಿಯೊಂದು ಮೊರಕ್ಕೆ ಬಾಯಿ ಹಾಕಿತು, ಆಕೆ ಓಡಿಸಲಿಲ್ಲ. ಆಮೇಲೆ ಕೈ ಚಾಚಿ ಕಾಗದ ಇಸಿದುಕೊಂಡು, "ಯಾವುದು ಅವಂದು?" ಎಂದು ಕೇಳಿದಳು. ಗೋಪಾಲರಾಯರು ತೋರಿಸಿದರು.

"ಅಕ್ಷರ ಛಲೋ ಅದಾವೇನು?"

"ಛಲೋ ಅದಾವ."

"ಸಾಲಿ ಮಾಸ್ತರ್ರು ಹಂಗ ಅಂತಿದ್ರು," ಅಂದಳು. ಕಾಗದ ವಾಪಸು ಕೊಟ್ಟು ಮೊರ ಎತ್ತಿಕೊಂಡಳು. "ಆ ಕಾಗದದಾಗ ಹುಡುಗಿ ಸತ್ತಾಳ ಅನ್ನೂದೊಂದು ಬಿಟ್ರ ಖರೇ ಮಾತು ಒಂದೂ ಇಲ್ಲ."

ಗೋಪಾಲರಾಯರು ಬರೆಯುತ್ತೇನೆ ಎಂದಿದ್ದ ಎರಡನೆಯ ಲೇಖನವನ್ನು ಆ ವಾರ ಬರೆದರು. ನಾಲ್ಕೇ ಪುಟ. "ಪತ್ತೇದಾರಿ ಕಥೆ ಓದುಗನಿಗೆ ಒಂದು ಭರವಸೆ ಕೊಡುತ್ತದೆ: ಸತ್ತವರ ಪರವಾಗಿ ಯಾರಾದರೊಬ್ಬರು ಬಂದು ಕೇಳಿಯೇ ಕೇಳುತ್ತಾರೆ ಎಂದು. ಈ ನಾಟಕ ಆ ಭರವಸೆಯನ್ನು ಅಣಕಿಸುತ್ತಿದೆ ಎಂದು ನಾನು ತಿಳಿದೆ. ಅದು ಆ ಭರವಸೆಯನ್ನು ನೂರು ಪುಸ್ತಕಗಳಲ್ಲಿ ಓದಿ, ತನ್ನ ಮನೆಯಲ್ಲಿ ಮಾತ್ರ ಕಾಣದವನು ಬರೆದದ್ದು. ನಾನು ಅಸಂಗತ ನಾಟಕ ಎಂದು ತಿಳಿದದ್ದು ಒಂದು ವರದಿ. ಹೆಣ ನಾವೆಲ್ಲರೂ ಅಲ್ಲ. ಅವಳ ಹೆಸರು ಮಲ್ಕಮ್ಮ." ಮಾಸಿಕದ ಸಂಪಾದಕರು ಅದನ್ನು ವಿನಯದಿಂದ ಹಿಂದಿರುಗಿಸಿದರು. ಕೃತಿಯನ್ನು ಕೃತಿಯಾಗಿ ನೋಡಬೇಕು, ಲೇಖಕನ ಖಾಸಗಿ ಬದುಕನ್ನು ಎಳೆದು ತರುವುದು ವಿಮರ್ಶೆಯಲ್ಲ. ನೀವೇ ನಮಗೆ ಇದನ್ನು ಕಲಿಸಿದವರು ಎಂದು ಬರೆದಿದ್ದರು. ಇನ್ನೆರಡು ಕಡೆ ಕಳಿಸಿದರು. ಒಂದು ಕಡೆಯಿಂದ ತಿರುಗಿ ಬಂತು, ಇನ್ನೊಂದು ಕಡೆಯಿಂದ ಉತ್ತರವೇ ಬರಲಿಲ್ಲ.

ಅಷ್ಟರಲ್ಲಿ ಅವರ ಹಳೆಯ ಶಿಫಾರಸು ಫಲ ಕೊಟ್ಟಿತ್ತು. ನಾಟಕ ೧೯೮೯ರಿಂದ ಪದವಿ ತರಗತಿಗೆ ಪಠ್ಯವಾಗಿತ್ತು, ಮೊದಲ ಲೇಖನ ಮುನ್ನುಡಿಯಾಗಿ. ಅವರು ಪಠ್ಯ ಸಮಿತಿಗೆ ಮುನ್ನುಡಿ ತೆಗೆಯಿರೆಂದು ಮೂರು ಕಾಗದ ಬರೆದರು. ಪಠ್ಯದ ಅವಧಿ ಮುಗಿದ ಮೇಲೆ ಪರಿಶೀಲಿಸುತ್ತೇವೆ ಎಂದು ಒಂದಕ್ಕೆ ಉತ್ತರ ಬಂತು. ಒಂಬತ್ತು ವರ್ಷ ಆ ಪಠ್ಯ ನಡೆಯಿತು. ಮಾರ್ಗದರ್ಶಿಗಳು ಬಂದವು. 'ಹೆಣವು ಯಾವುದರ ಸಂಕೇತ?' ಎಂಬ ಹತ್ತು ಅಂಕದ ಪ್ರಶ್ನೆ ಪ್ರತಿ ವರ್ಷ ಬರುತ್ತಿತ್ತು. 'ಮಾನವನ ಅಸ್ತಿತ್ವದ ದಾಹ' ಎಂದು ಹುಡುಗರು ಬಾಯಿಪಾಠ ಮಾಡಿ ಬರೆಯುತ್ತಿದ್ದರು. ಮೌಲ್ಯಮಾಪನಕ್ಕೆ ಕೂತಾಗ ಗೋಪಾಲರಾಯರು ಆ ಉತ್ತರಗಳಿಗೆ ಪೂರ್ಣ ಅಂಕ ಕೊಡುತ್ತಿದ್ದರು. ಒಮ್ಮೆ ಅವರ ಪಕ್ಕ ಕೂತಿದ್ದೆ. ನೂರಕ್ಕೂ ಹೆಚ್ಚು ಉತ್ತರ ಪತ್ರಿಕೆಗಳಲ್ಲಿ ಅದೇ ಸಾಲು, ಅವರದೇ ಸಾಲು. ಪೆನ್ಸಿಲ್ ಕೆಳಗಿಟ್ಟು, "ರಾಘವೇಂದ್ರ, ಇವರದೇನು ತಪ್ಪದ?" ಅಂದರು. ಮುಂದಿನ ವರ್ಷದಿಂದ ಮೌಲ್ಯಮಾಪನಕ್ಕೆ ಹೋಗುವುದನ್ನು ಬಿಟ್ಟರು.

ತರಗತಿಯಲ್ಲಿ ಮಾತ್ರ ಮುನ್ನುಡಿಯನ್ನು ಪಕ್ಕಕ್ಕಿಟ್ಟು, ಆ ನಾಲ್ಕು ಪುಟ ಓದುತ್ತಿದ್ದರು. ಕೆಲವು ವರ್ಷ ಹುಡುಗರು ಕೇಳಿದರು. ಒಂದು ವರ್ಷ, ಪರೀಕ್ಷೆಗೆ ಬಾರದ್ದನ್ನು ಹೇಳುತ್ತಾರೆ ಎಂದು ಪ್ರಿನ್ಸಿಪಾಲರಿಗೆ ಅರ್ಜಿ ಹೋಯಿತು. ಪ್ರಿನ್ಸಿಪಾಲರು ಕರೆದು ಕೇಳಿದರು. ಹೌದು, ಪರೀಕ್ಷೆಗೆ ಬರುವುದಿಲ್ಲ ಎಂದು ಇವರು ಒಪ್ಪಿಕೊಂಡು ಬಂದರು. ಮರುದಿನ ಮತ್ತೆ ಓದಿದರು. ೧೯೯೮ರಲ್ಲಿ ಪಠ್ಯ ತಾನಾಗಿಯೇ ಬದಲಾಯಿತು. ಆ ಮುನ್ನುಡಿಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಮಲ್ಕಮ್ಮನ ಗಂಡ ಮತ್ತೆ ಮದುವೆಯಾಗಿ, ಮಕ್ಕಳಾಗಿ, ಆ ಹಳ್ಳಿಯಲ್ಲೇ ಇದ್ದ. ಅವನಿಗೆ ಏನೂ ಆಗಲಿಲ್ಲ.

೨೦೦೩ರ ಮಾಘದಲ್ಲಿ ಬಂಡಮ್ಮ ತೀರಿಕೊಂಡಳು. ಸೊಲ್ಲಾಪುರಕ್ಕೆ ಬಾಳೆಹಣ್ಣು ಒಯ್ಯುವ ಲಾರಿಯವರು ಭೀಮಶಾನನ್ನು ಹುಡುಕಿ ಸುದ್ದಿ ಮುಟ್ಟಿಸಿದರು. ಅವರಿಗೆ ಅವನು ಸಿಗಲು ಒಂದು ದಿನ ಸಾಕಾಯಿತು; ಅದಕ್ಕೂ ಮೊದಲು ಯಾರೂ ಹುಡುಕಿರಲಿಲ್ಲ. ಹುಡುಕಿಸಲೇನು ಎಂದು ಗೋಪಾಲರಾಯರು ಕೇಳಿದಾಗಲೆಲ್ಲ ಬಂಡಮ್ಮ, "ಅವನ ಕಾಲಿಗಿ ಅವ ಬರಲಿ" ಅನ್ನುತ್ತಿದ್ದಳು. ಮಣ್ಣು ಮಾಡಿ ಬಂದ ಮೇಲೆ ಅವನು ಬಂದ. ನಲವತ್ತೆಂಟಕ್ಕೇ ಮುದುಕನಾಗಿದ್ದ, ಮುಂದಿನ ಹಲ್ಲಿರಲಿಲ್ಲ. ಗೋಪಾಲರಾಯರೂ ನಾನೂ ಅಂಗಳದಲ್ಲಿದ್ದೆವು. ನಮ್ಮ ಹತ್ತಿರ ಬಂದು ನಿಂತ.

"ಸಹಿ ಮಾತು ಅವ್ವಗ ಗೊತ್ತಾಗಿತ್ತೇನ್ರೀ ಸರ್?"

"ಗೊತ್ತಾಗಿತ್ತು. ನಾನೇ ಓದಿ ಹೇಳಿದೆ."

"ಯಾವಾಗ?"

"ಹನ್ನೆರಡು ವರ್ಷ ಆತು."

ಭೀಮಶಾ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತ. ಹೆಬ್ಬೆರಳಿನಿಂದ ಮಣ್ಣು ಒತ್ತಿದ. "ಗೊತ್ತಿದ್ದೂ ನನ್ನ ಕಾರ್ಡು ಓದಿಸಿಕೋತಿದ್ದಳೇನು?"

"ಎರಡೆರಡು ಸಲ ಓದಿಸಿಕೋತಿದ್ದಳು."

"ಹನ್ನೆರಡು ವರ್ಷ," ಅಂದ ಅವನು. ನಾವು ಸಂಜೆಯ ಬಸ್ಸಿಗೆ ಎದ್ದಾಗಲೂ ಹಾಗೇ ಕೂತಿದ್ದ.

ಅವನು ಸೊಲ್ಲಾಪುರಕ್ಕೆ ತಿರುಗಿ ಹೋಗಲಿಲ್ಲ. ಅದೇ ಮನೆಯಲ್ಲಿ ಒಬ್ಬನೇ ಇದ್ದುಕೊಂಡು ತೋಟದ ಕೂಲಿಗೆ ಹೋಗತೊಡಗಿದ. ಏನನ್ನೂ ಬರೆಯಲಿಲ್ಲ. ನಿವೃತ್ತರಾಗಿದ್ದ ಗೋಪಾಲರಾಯರು ಎರಡನೆಯ ಭಾನುವಾರಗಳನ್ನು ತಪ್ಪಿಸಲಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ಊದಿಕೊಂಡಾಗಲೂ ಹೋದರು. ೨೦೦೭ರಲ್ಲಿ ಅವರು ತೀರಿಕೊಳ್ಳುವ ಎರಡು ತಿಂಗಳ ಮೊದಲು, ಅಲ್ಲಿ ಹೋಗಿ ಇಬ್ಬರೂ ಏನು ಮಾತಾಡುತ್ತೀರಿ ಎಂದು ಕೇಳಿದೆ.

"ಏನದ ಮಾತಾಡೂದು," ಅಂದರು. "ಈ ಸಲ ಬಾಳಿ ಗಿಡಕ್ಕ ಬೇರು ಕೊಳಿಯೋ ರೋಗ ಬಂದದಂತ. ಅರ್ಧ ತೋಟ ಕಡೀಬೇಕಂತ."